ಕುದುರೆ ಮೇಲೆ ದಾರಿ ಹುಡುಕುವ ಟ್ರೆಕ್ (TREC) ಸ್ಪರ್ಧೆಯಲ್ಲಿ ಹಂತ ಏರಿದಂತೆ ಏನು ಕಷ್ಟವಾಗುತ್ತದೆ? ಚಿಕ್ಕಬಳ್ಳಾಪುರದಲ್ಲಿ ಅಭ್ಯಾಸ ಹೇಗೆ?

ಕಷ್ಟವಿರುವುದು ವೇಗದಲ್ಲಲ್ಲ, ನಕ್ಷೆಯಲ್ಲಿ. ಫ್ರಾನ್ಸ್‌ನಲ್ಲಿ ಹುಟ್ಟಿದ ಈ ಸ್ಪರ್ಧೆಯ 460 ಅಂಕಗಳಲ್ಲಿ 240 ದಾರಿ ಹುಡುಕುವುದಕ್ಕೇ ಮೀಸಲು. ಅಡೆತಡೆಗಳಿಗೆ 160, ಕುದುರೆಯ ನಡಿಗೆ, ಓಟದ ಮೇಲಿನ ಹಿಡಿತಕ್ಕೆ 60. ಕೆಳಹಂತದಲ್ಲಿ ದೂರ ಕಡಿಮೆ, ಜೋಡಿಯಾಗಿಯೂ ಹೋಗಬಹುದು. ಮೇಲಿನ ಹಂತದಲ್ಲಿ ದೂರ ಹೆಚ್ಚು, ದಿಕ್ಸೂಚಿ ಹಿಡಿದು ಒಬ್ಬರೇ ಸಾಗಬೇಕು. ದಾರಿಯಲ್ಲಿ ತಪಾಸಣೆಯ ಠಾಣೆಗಳು ಎಲ್ಲಿವೆ ಎಂದು ಮೊದಲೇ ಹೇಳುವುದಿಲ್ಲ. ನಿಗದಿತ ವೇಗಕ್ಕೆ ತಕ್ಕ ಸಮಯಕ್ಕಿಂತ ಬೇಗ ಬಂದರೂ ತಡವಾದರೂ ನಿಮಿಷಕ್ಕೊಂದು ಅಂಕ ಹೋಗುತ್ತದೆ. ಹೊಸಬರು ದಾರಿ ತಪ್ಪಿ, ಆಮೇಲೆ ಸಮಯ ಸರಿದೂಗಿಸಲು ಕುದುರೆಯನ್ನು ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ದಣಿಯುವುದು ಅದು.

ಅಭ್ಯಾಸಕ್ಕೆ 1:50,000 ನಕ್ಷೆ ಸಾಕು: 2 ಸೆಂ.ಮೀ. ಅಂದರೆ 1 ಕಿ.ಮೀ., ಗಂಟೆಗೆ 8 ಕಿ.ಮೀ. ವೇಗದಲ್ಲಿ ಏಳೂವರೆ ನಿಮಿಷ. ಕೆರೆ ಏರಿ, ಬಂಡೆಗುಡ್ಡಗಳನ್ನು ಗುರುತಿಟ್ಟುಕೊಳ್ಳಿ. ನೀಲಗಿರಿ ತೋಪನ್ನು ನಂಬಬೇಡಿ, ಕಡಿದಿರುತ್ತಾರೆ.