ರಾಜಾಸೀಟ್‌ನಲ್ಲಿ ತೆಗೆದ ಎಚ್‌ಡಿಆರ್ ಫೋಟೊವನ್ನು ಕಮಾಂಡ್ ಲೈನ್‌ನಲ್ಲಿ ಜೆಪೆಗ್ ಮಾಡಿದರೆ ಆಕಾಶ ಯಾಕೆ ಬೆಳ್ಳಗಾಗುತ್ತದೆ?

ನೀವು ಸುಮ್ನೆ ಫಾರ್ಮ್ಯಾಟ್ ಬದಲಾಯಿಸಿದ್ದೀರಿ, ಟೋನ್ ಮ್ಯಾಪಿಂಗ್ ಮಾಡಿಲ್ಲ. ಅದಕ್ಕೇ ಹೀಗೆ.

ಎಚ್‌ಡಿಆರ್ ಅಂದರೆ ತೀರಾ ಕತ್ತಲನ್ನೂ ತೀರಾ ಬೆಳಕನ್ನೂ ಒಟ್ಟಿಗೆ ಹಿಡಿದಿಡುವ ಫೋಟೊ. ಅದನ್ನು ಉಳಿಸುವ ಇಎಕ್ಸ್‌ಆರ್ ಎಂಬ ಬಗೆಯ ಫೈಲ್ ಬೆಳಕನ್ನು ದಶಮಾಂಶ ಸಂಖ್ಯೆಗಳಲ್ಲಿ ಇಡುತ್ತದೆ. ಮಡಿಕೇರಿಯ ಕಣಿವೆಯ ನೆರಳು 0.02 ಇದ್ದರೆ, ಮುಳುಗುವ ಸೂರ್ಯನ ಪಕ್ಕದ ಮೋಡ 40 ಇರಬಹುದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲು ಮಾತ್ರ, 0ಯಿಂದ 255ರವರೆಗೆ. ನೇರವಾಗಿ ಬದಲಾಯಿಸಿದರೆ 1ಕ್ಕಿಂತ ಜಾಸ್ತಿ ಇರುವುದೆಲ್ಲ 255ಕ್ಕೇ ನಿಂತುಬಿಡುತ್ತದೆ. 4 ಆದರೂ ಅಷ್ಟೇ, 40 ಆದರೂ ಅಷ್ಟೇ. ಮೋಡದ ಅಂಚು ಹೇಗೆ ಉಳಿಯಬೇಕು ಹೇಳಿ? ಟೋನ್ ಮ್ಯಾಪಿಂಗ್ ಹಾಗೆ ಕತ್ತರಿಸುವುದಿಲ್ಲ. ಹೆಚ್ಚು ಬೆಳಕನ್ನು ಹೆಚ್ಚು, ಕಡಿಮೆ ಬೆಳಕನ್ನು ಕಡಿಮೆ ತಗ್ಗಿಸಿ ಎಲ್ಲವನ್ನೂ ಆ 256ರೊಳಗೆ ಕೂರಿಸುತ್ತದೆ.

ಉಚಿತವಾಗಿ ಸಿಗುವ ಪಿಎಫ್‌ಎಸ್‌ಟೂಲ್ಸ್ ಎಂಬ ಕಮಾಂಡ್ ಲೈನ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ‘ಪಿಎಫ್‌ಎಸ್‌ಇನ್’ ಫೈಲ್ ಓದುತ್ತದೆ, ‘ಪಿಎಫ್‌ಎಸ್‌ಟಿಎಂಒ’ ಅಂತ ಶುರುವಾಗುವ ಕಮಾಂಡ್‌ಗಳು ಟೋನ್ ಮ್ಯಾಪ್ ಮಾಡುತ್ತವೆ, ‘ಪಿಎಫ್‌ಎಸ್‌ಔಟ್’ ಜೆಪೆಗ್ ಬರೆಯುತ್ತದೆ. ಮೂರರ ನಡುವೆ ಪೈಪ್, ಅಂದರೆ ನೆಟ್ಟನೆಯ ಗೆರೆ, ಹಾಕಿದರೆ ಒಂದೇ ಸಾಲಲ್ಲಿ ಕೆಲಸ ಮುಗಿಯುತ್ತದೆ. ಚಿತ್ರ ತೀರಾ ಕಪ್ಪಾಗಿ ಬಂದರೆ ಬರೆಯುವ ಮೊದಲು, ಚಿತ್ರವನ್ನು ಬೆಳಗಿಸುವ ‘ಪಿಎಫ್‌ಎಸ್‌ಗಾಮಾ’ದಲ್ಲಿ 2.2 ಕೊಡಿ.

ನಾನಾದರೆ 2002ರ ರೈನ್‌ಹಾರ್ಡ್ ಎಂಬ ಟೋನ್ ಮ್ಯಾಪಿಂಗ್ ವಿಧಾನದಿಂದಲೇ ಶುರು ಮಾಡುತ್ತೇನೆ. ಕಾಂಟ್ರಾಸ್ಟ್ ಎಳೆದು ತೋರಿಸುವ ವಿಧಾನಗಳು ಕೊಡಗಿನ ಮಂಜನ್ನು ಕೊಳಕು ಹೊಗೆ ಮಾಡಿಬಿಡುತ್ತವೆ. ಮೂಲ ಇಎಕ್ಸ್‌ಆರ್ ಅಳಿಸಬೇಡಿ, ಜೆಪೆಗ್‌ನಿಂದ ಆ ಬೆಳಕು ವಾಪಸ್ ಬರುವುದಿಲ್ಲ.