ಗ್ಯಾರೇಜ್ ಪ್ರಶ್ನೋತ್ತರ: ಅಂಬಾಸಿಡರ್ ಯು.ಜೆ. ಕ್ರಾಸ್

ಪ್ರಶ್ನೆ: ನಮ್ಮ ಹಳೇ ಅಂಬಾಸಿಡರ್‌ನಲ್ಲಿ ಕ್ಲಚ್ ಬಿಟ್ಟ ಕೂಡಲೇ, ರಿವರ್ಸ್ ಹಾಕಿದಾಗಲೂ, ಅಡಿಯಿಂದ ‘ಟಣ್’ ಎನ್ನುತ್ತದೆ. ಒಬ್ಬ ಮೆಕ್ಯಾನಿಕ್ ಕ್ರಾಸ್ (ಯೂನಿವರ್ಸಲ್ ಜಾಯಿಂಟ್, ಅಂದರೆ ಯು.ಜೆ.ಯ ನಡುವಿನ ನಾಲ್ಕು ತೋಳಿನ ತುಂಡು) ಹೋಗಿದೆ ಎಂದರೆ ಇನ್ನೊಬ್ಬರು ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಗಳು) ಎನ್ನುತ್ತಾರೆ. ಯಾರನ್ನು ನಂಬಲಿ? – ಓದುಗರು, ಹಾಸನ

ಉತ್ತರ: ಇಬ್ಬರನ್ನೂ ನಂಬಬೇಡಿ, ಅಡಿಗೆ ಹೋಗಿ ನೋಡಿ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿಡಿ. ಒಂದು ಕೈಯಲ್ಲಿ ಡಿಫರೆನ್ಷಿಯಲ್ ಕಡೆಯ ಫ್ಲ್ಯಾಂಜ್ (ಬೋಲ್ಟ್ ಹಾಕುವ ತಟ್ಟೆ), ಇನ್ನೊಂದರಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಹೋಗುವ ಉದ್ದ ಕೊಳವೆ) ಹಿಡಿದು ಅತ್ತಿತ್ತ ತಿರುಗಿಸಿ. ಎರಡೂ ಜೊತೆಯಾಗಿ ಅಲ್ಲಾಡಿದರೆ ಆಟ (ಸಡಿಲ) ಇರುವುದು ಡಿಫರೆನ್ಷಿಯಲ್ ಹೌಸಿಂಗ್ ಒಳಗೆ, ಕ್ರೌನ್ ಪಿನಿಯನ್ ಕಡೆ. ಶಾಫ್ಟ್ ತಿರುಗಿ ಫ್ಲ್ಯಾಂಜ್ ನಿಂತಿದ್ದರೆ ಕ್ರಾಸ್ ಸವೆದಿದೆ. ಮುಂದಿನ ಜಾಯಿಂಟನ್ನೂ, ಸ್ಲೈಡಿಂಗ್ ಯೋಕ್‌ನ (ಕ್ರಾಸನ್ನು ಹಿಡಿದು ಹಿಂದೆ ಮುಂದೆ ಜಾರುವ ಕವಲು) ಸ್ಪ್ಲೈನನ್ನೂ (ಅದು ಜಾರುವ ಉದ್ದ ಹಲ್ಲುಗಳು) ಹೀಗೇ ನೋಡಿ. ಸ್ಪ್ಲೈನ್ ಸವೆದರೂ ಇದೇ ಸದ್ದು. ಕ್ರಾಸ್‌ನ ತೋಳಿನ ತುದಿಗೆ ಕೂರುವ ಬಟ್ಟಲಿನಂಥ ಕಪ್ಪಿನ ಸುತ್ತ ಕೆಂಪು ಪುಡಿ ಕಂಡರೆ ಬೇರೆ ಪರೀಕ್ಷೆಯೇ ಬೇಡ: ಗ್ರೀಸ್ ಒಣಗಿ ಒಳಗಿನ ನೀಡಲ್‌ಗಳು (ಸೂಜಿಯಂಥ ಬೇರಿಂಗ್ ಕಡ್ಡಿಗಳು) ತುಕ್ಕು ಹಿಡಿದು ಪುಡಿಯಾಗುತ್ತಿವೆ. ನಿಧಾನಕ್ಕೆ ಹೋಗುವಾಗ ‘ಕಿಚ್ ಕಿಚ್’ ಎನ್ನುವುದೂ ಅದೇ ಒಣಗಿದ ನೀಡಲ್.

ಪ್ರಶ್ನೆ: ಕ್ರಾಸ್ ನಾವೇ ಬದಲಿಸಬಹುದೇ? ಅಂಗಡಿಯಲ್ಲಿ ಏನೆಂದು ಕೇಳಬೇಕು? – ಓದುಗರು, ಶಿವಮೊಗ್ಗ

ಉತ್ತರ: ‘ಅಂಬಾಸಿಡರ್ ಕ್ರಾಸ್’ ಎಂದಷ್ಟೇ ಕೇಳಿದರೆ ಸಾಲದು. ಹಳೇ ಬ್ರಿಟಿಷ್ ಬಿ.ಎಂ.ಸಿ. ಎಂಜಿನ್ನಿನ ಗಾಡಿ ಬೇರೆ, ಇಸುಜು ಎಂಜಿನ್ನಿನ 1800 ಬೇರೆ; ಹಳೇ ಗಾಡಿಗಳಲ್ಲಿ ಶಾಫ್ಟೇ ಬದಲಾಗಿರುವುದೂ ಉಂಟು. ವರ್ನಿಯರ್ ಅಳತೆ ಸಾಧನದಲ್ಲಿ ಕಪ್ಪಿನ ಹೊರವ್ಯಾಸ, ಎದುರು ಬದುರು ಕಪ್ಪುಗಳ ತುದಿಯಿಂದ ತುದಿಗೆ ಉದ್ದ, ಎರಡನ್ನೂ ಅಳೆಯಿರಿ. ವ್ಯಾಸ ಒಂದೇ ಸಾಲದು: ಉದಾಹರಣೆಗೆ ಸ್ಪೈಸರ್ ಎಂಬ ಬ್ರ್ಯಾಂಡಿನ 1310, 1330 ನಂಬರಿನ ಜಾಯಿಂಟ್ ಎರಡಕ್ಕೂ ಕಪ್ಪು ಸುಮಾರು 27 ಮಿ.ಮೀ., ಉದ್ದ ಮಾತ್ರ 81.8 ಮತ್ತು 92.1 ಮಿ.ಮೀ. ಸರ್ಕ್ಲಿಪ್ (ಕಪ್ಪು ಜಾರದಂತೆ ಹಿಡಿಯುವ ಉಂಗುರ) ಯೋಕ್‌ನ ಹೊರಗೆ ಕೂರುತ್ತದೋ ಒಳಗೋ ಎಂಬುದನ್ನೂ ಹೇಳಿ. ಸಾಧ್ಯವಾದರೆ ಹಳೆಯದನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಒಂದು ಹೋಗಿದ್ದರೂ ಹಿಂದಿನ, ಮುಂದಿನ ಎರಡೂ ಕ್ರಾಸ್ ಬದಲಿಸುವುದು ಲೇಸು, ಶಾಫ್ಟ್ ಹೇಗೂ ಇಳಿದಿರುತ್ತದೆ.

ಬಿಚ್ಚುವ ಮೊದಲು ಫ್ಲ್ಯಾಂಜ್, ಯೋಕ್, ಶಾಫ್ಟ್ ಮೂರಕ್ಕೂ ಪಂಚ್‌ನಿಂದ ಗುರುತು ಹಾಕಿ. ಯೋಕ್ ಗೇರ್‌ಬಾಕ್ಸ್ ಒಳಗೇ ಜಾರಿ ಕೂರುವ ಬಗೆಯದಾದರೆ ಎಳೆದೊಡನೆ ಎಣ್ಣೆ ಸುರಿಯುತ್ತದೆ, ಕೆಳಗೆ ಡಬ್ಬ ಇಡಿ. ನಾಲ್ಕು ಸರ್ಕ್ಲಿಪ್ ತೆಗೆದು ಯೋಕನ್ನು ವೈಸ್‌ಗೆ ಕೊಡಿ: ಒಂದು ಬದಿ ಕಪ್ಪಿಗಿಂತ ಚಿಕ್ಕ ಸಾಕೆಟ್, ಇನ್ನೊಂದು ಬದಿ ಕಪ್ಪು ಒಳಗೆ ಬರುವಷ್ಟು ದೊಡ್ಡದು. ಒತ್ತಿದರೆ ಕಪ್ಪು ಹೊರಬರುತ್ತದೆ. ಶಾಫ್ಟ್‌ನ ಕೊಳವೆಯನ್ನು ಮಾತ್ರ ವೈಸ್‌ನಲ್ಲಿ ಬಿಗಿಯಬೇಡಿ. ಅದು ನೆಗ್ಗಿದರೆ ಬ್ಯಾಲೆನ್ಸ್ ಹೋಯಿತು.

ಹೊಸದು ಕೂರಿಸುವಾಗ ಹತ್ತಕ್ಕೆ ಒಂಬತ್ತು ಸಲ ಕೆಡುವುದು ಒಂದೇ ಕಡೆ. ನೀಡಲ್ ಒಂದು ಜಾರಿ ಕಪ್ಪಿನ ತಳದಲ್ಲಿ ಅಡ್ಡ ಬೀಳುತ್ತದೆ, ಕಪ್ಪು ಪೂರ್ತಿ ಒಳಹೋಗುವುದಿಲ್ಲ, ಸರ್ಕ್ಲಿಪ್ ಕೂರುವುದಿಲ್ಲ. ಆಗ ಸುತ್ತಿಗೆ ಎತ್ತಬೇಡಿ, ಕಪ್ಪು ತೆಗೆದು ನೋಡಿ. ಗ್ರೀಸ್ ಬಳಿದು ನೀಡಲ್‌ಗಳನ್ನು ಅಂಟಿಸಿಕೊಂಡು, ಕ್ರಾಸನ್ನು ಎದುರಿನ ಕಪ್ಪಿನೊಳಗೆ ಅರ್ಧ ತೂರಿಸಿಟ್ಟುಕೊಂಡೇ ಒತ್ತಿದರೆ ಈ ತಾಪತ್ರಯ ಇಲ್ಲ. ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಗ್ರೀಸ್ ಗನ್‌ಗೆ ಎಟಕುವಂತಿರಲಿ. ಜಾಯಿಂಟ್ ಬಿಗಿಯಾಗಿದ್ದರೆ ಯೋಕ್‌ನ ಕಿವಿಗಳಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕೈಯಲ್ಲೇ ನಾಲ್ಕೂ ಕಡೆ ಸಲೀಸಾಗಿ ಮಡಚಬೇಕು. ನಾಲ್ಕೂ ಸೀಲುಗಳಲ್ಲಿ ಇಣುಕುವವರೆಗೆ ಗ್ರೀಸ್ ತುಂಬಿ. ಫ್ಲ್ಯಾಂಜ್‌ಗೆ ಹೊಸ ನೈಲಾಕ್ ನಟ್‌ಗಳನ್ನು (ತಾವಾಗಿ ಸಡಿಲವಾಗದಂಥವು) ಹಾಕಿ.

ಕಪ್ಪು ಕೈಯಲ್ಲೇ ಜಾರಿ ಒಳಹೋದರೆ ಯೋಕ್‌ನ ರಂಧ್ರ ಸವೆದಿದೆ. ಸುತ್ತ ಪಂಚ್ ಹೊಡೆದು ಬಿಗಿ ಮಾಡಿಕೊಡುವವರಿದ್ದಾರೆ. ಅದು ನಿಲ್ಲುವ ಕೆಲಸವಲ್ಲ. ಯೋಕನ್ನೇ ಬದಲಿಸಿ.

ಪ್ರಶ್ನೆ: ಹೊಸ ಕ್ರಾಸ್ ಹಾಕಿಸಿದ ಮೇಲೆ ಗಾಡಿ ಮೊದಲಿಗಿಂತ ಹೆಚ್ಚು ನಡುಗುತ್ತಿದೆ. – ಓದುಗರು, ಹುಬ್ಬಳ್ಳಿ

ಉತ್ತರ: ಸ್ಪ್ಲೈನ್ ತಪ್ಪಿಸಿ ಸೇರಿಸಿರಬೇಕು. ಓರೆಯಲ್ಲಿ ತಿರುಗುವ ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತದೆ. ಶಾಫ್ಟ್‌ನ ಎರಡು ತುದಿಯ ಯೋಕ್‌ಗಳು ಒಂದೇ ನೇರದಲ್ಲಿದ್ದರೆ ಹಿಂದಿನದು ಮುಂದಿನದನ್ನು ಸರಿದೂಗಿಸುತ್ತದೆ. ಒಂದು ಹಲ್ಲು ತಪ್ಪಿದರೂ ನಡುಕ. ಅಡಿಗೆ ಹೋಗಿ ಎರಡೂ ಯೋಕ್‌ಗಳ ಕಿವಿ ನೋಡಿ. ನೇರವಾಗಿಯೇ ಇದ್ದರೆ ಫ್ಲ್ಯಾಂಜನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ ಓಡಿಸಿ ನೋಡಿ. ಆಗಲೂ ಬಿಡದಿದ್ದರೆ ಶಾಫ್ಟನ್ನು ಬ್ಯಾಲೆನ್ಸಿಂಗ್‌ಗೆ ಕೊಡಿ.