ಮಕ್ಕಳ ಸಾವಿನ ಪ್ರಮಾಣ ನೋಡಿ ಒಂದು ಜಿಲ್ಲೆಯ ಆರೋಗ್ಯ ಹೇಗೆ ಅಳೆಯುತ್ತಾರೆ?

ಜೀವಂತ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ಎಷ್ಟು ಮಕ್ಕಳು ತೀರಿಕೊಳ್ಳುತ್ತಾರೆ ಅನ್ನೋದೇ ಈ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಾಸರಿ ಸುಮಾರು 42, ಕರ್ನಾಟಕದ್ದು ಸುಮಾರು 30.

ನಮ್ಮ ಯಾದಗಿರಿ ಕಡೆಯ ಹಳ್ಳಿಗಳನ್ನೇ ನೋಡಿ. ಬಸುರಿ ಹೆಂಗಸು ಮೈಯಲ್ಲಿ ರಕ್ತ ಕಡಿಮೆ ಇದ್ದರೂ ಹತ್ತಿ ಬಿಡಿಸಲು ಹೋಗುತ್ತಾಳೆ. ಕೂಸಿನ ತೂಕ ಕಡಿಮೆಯಾಗುತ್ತದೆ. ಕುಡಿಯುವ ನೀರು ಕೆಟ್ಟರೆ ಭೇದಿ. ರಾತ್ರಿ ಕೂಸಿಗೆ ಉಸಿರು ಕಟ್ಟಿದರೆ ಆಂಬುಲೆನ್ಸ್ ಬರಬೇಕು, ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಇರಬೇಕು. ಇದರಲ್ಲಿ ಯಾವುದು ಎಡವಿದರೂ ಮಕ್ಕಳ ಸಾವಿನ ಲೆಕ್ಕದಲ್ಲಿ ಕಾಣುತ್ತದೆ. ಸುಮ್ನೆ ಆಸ್ಪತ್ರೆ ಕಟ್ಟಡ ಎಣಿಸಿದರೆ ಇದೆಲ್ಲ ಕಾಣಲ್ಲ, ಅಲ್ವಾ?

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಈ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ 28 ದಿನಗಳಲ್ಲೇ ಆಗುತ್ತವೆ. ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಮತ್ತೆ ಮತ್ತೆ ಬಂದು ಕೂಸನ್ನು ತೂಗುವುದು ಅದಕ್ಕೇ.